ಅಜ್ಜಿಯ ಒಂದು ಮಧ್ಯಾಹ್ನ

ಅಂಬಕ್ಕಜ್ಜಿಯ ಹದಿಮೂರನೆಯ ದಿನದ ಊಟ ಮುಗಿದ ಮೇಲೆ, ಎಲ್ಲರ ಮನೆಯಲ್ಲಿ ಮಾಡುವಂತೆ, ಅವಳ ನೆನಪಿನ ಗುಳಿಗೆಗಳನ್ನು ವೀಳ್ಯದೆಲೆಯಲ್ಲಿಟ್ಟು ಹಂಚಿದರು. ಒಬ್ಬರಿಗೆ ಒಂದೇ ನೆನಪು. "ವಯಸ್ಸಿಗೆ ತಕ್ಕಂಗ ಇರವಾ" ಎಂದು ಅಜ್ಜಿಯನ್ನು ಜೀವಮಾನವಿಡೀ ಗದರಿದ್ದ ವಾಮನ ಕಾಕಾ ಎಲ್ಲರಿಗಿಂತ ಮೊದಲು ಕೈಚಾಚಿದರು. ಅವಳು ವಿಮಾನದಿಂದ ಧುಮುಕಿದ್ದನ್ನು ನುಂಗಿ, ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡರು. ಸಮುದ್ರ ಈಜಿದ್ದನ್ನು ನುಂಗಿದ ಅತ್ತೆ ನಡುಮನೆಯ ಕಂಬ ಬಿಡಲೇ ಇಲ್ಲ.

ನನಗೆ ಉಳಿದದ್ದು ಯಾರಿಗೂ ಬೇಡವಾದ ಒಂದು ಮಧ್ಯಾಹ್ನ.

"ನೀ ಪಾರಾದಿ ನೋಡು. ಇದರಾಗ ಬರೇ ಕೂತಾಳ," ಎಂದರು ಕಾಕಾ ಬಾಯಿ ಒರೆಸಿಕೊಳ್ಳುತ್ತ.

ನುಂಗಿದೆ. ಅಜ್ಜಿಯ ತೊಡೆಯ ಮೇಲೆ ಕೂಸಾಗಿದ್ದ ನಾನು ಮಲಗಿದ್ದೆ. ಅವಳ ಕಾಲು ಜೋಮು ಹಿಡಿದಿತ್ತು. ಹಿಮಾಲಯಕ್ಕೆ ಹೊರಟ ಗೆಳತಿಯರ ಜೀಪು ಬಾಗಿಲಲ್ಲಿ ಹಾರ್ನ್ ಹೊಡೆದು ಹೊಡೆದು ಹೋಯಿತು. ಯಾವುದಕ್ಕೂ ಅಂಜದ ಅಜ್ಜಿಯ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು, ಆ ಹಾರ್ನಿನ ಸದ್ದಿಗೆ ನಾನೆಲ್ಲಿ ಎದ್ದುಬಿಡುತ್ತೇನೋ ಎಂದು.