ಪೈಲ್ವಾನನ ಪಾಲು

ಅತ್ತೆ ಮತ್ತೆ ಮೀನಿನ ಪೆಟ್ಟಿಗೆಯ ಹತ್ತಿರ ನಿಂತಿದ್ದಳು. ಕೈಯಲ್ಲಿ ಸುಣ್ಣದ ಡಬ್ಬಿ.

ನಾಗವ್ವ ಹೊದ್ದ ಕೌದಿಯ ಸಂದಿಯಿಂದ ನೋಡಿದಳು. ಅತ್ತೆ ಲಕ್ಷ್ಮವ್ವ ಡಬ್ಬಿಯ ಮುಚ್ಚಳ ತೆಗೆದು, ಬೆರಳ ತುದಿಯಲ್ಲಿ ಏನನ್ನೋ ಚಿವುಟಿ ನೀರಿಗೆ ಬಿಟ್ಟಳು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂಲೆಯ ಬಚ್ಚಲಮೋರಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳತೊಡಗಿದಳು. ನಸುಕಿನಲ್ಲೇ ಮಿಂದು ಗುಡಿಗೆ ಹೋಗಿ ಬಂದ ಹೆಂಗಸು! ಗುಡಿಯಿಂದ ಬಂದವರು ಮತ್ತೆ ಮೀಯುವುದನ್ನು ಯಾರಾದರೂ ಕಂಡಿದ್ದಾರೆಯೇ? ಸೀರೆಯ ಅಂಚು ಒದ್ದೆ, ಉಗುರುಗಳಲ್ಲಿ ಕೆಸರು ಬೇರೆ.

ಇನ್ನೊಂದು ಮಾತು. ಮಗ ಹೋದಂದಿನಿಂದ ಲಕ್ಷ್ಮವ್ವ ಎಲೆ ಅಡಿಕೆ ಬಾಯಿಗೆ ಹಾಕಿರಲಿಲ್ಲ. ಹಾಗಿದ್ದ ಮೇಲೆ ಸುಣ್ಣದ ಡಬ್ಬಿ ಯಾತಕ್ಕೆ?

ಮೀನು ನಾಗವ್ವನ ಗಂಡ ಈರಣ್ಣನದು. ಗ್ರಾಂಟ್ ರೋಡಿನಿಂದ ಒಂದು ಸಂಜೆ ಸೀಸೆಯಲ್ಲಿ ಹಿಡಿದು ತಂದಿದ್ದ. ನೀಲಿ ಮೈ, ಕೆಂಪು ರೆಕ್ಕೆ. ಅಂಗಡಿಯವ ಫೈಟರ್ ಎಂದಿದ್ದ, ಈರಣ್ಣ ಪೈಲ್ವಾನ ಎಂದು ಹೆಸರಿಟ್ಟ. ಜೊತೆಗೆ ನಾಲ್ಕಾರು ಗಪ್ಪಿ ಮೀನು, ಒಂದು ಬಸವನಹುಳು. ಚಾಳಿನ ಆ ಒಂದೇ ಕೋಣೆಯಲ್ಲಿ ಅತ್ತೆ ಮನಸಾರೆ ಒಪ್ಪಿದ್ದು ಬಸವನಹುಳುವನ್ನು ಮಾತ್ರ. ಹೆಸರಿನಲ್ಲಾದರೂ ಬಸವಣ್ಣ ಇದ್ದಾನಲ್ಲ!

ಪೈಲ್ವಾನನಿಗೆ ಜೀವಂತ ಹುಳವೇ ಬೇಕು. ಲಿಂಗ ಕಟ್ಟಿದವರ ಮನೆಯಲ್ಲಿ ಹುಳ! ಹೊಸ್ತಿಲು ದಾಟಕೂಡದು ಎಂದು ಲಕ್ಷ್ಮವ್ವ ಅಪ್ಪಣೆ ಮಾಡಿದಳು. ಈರಣ್ಣ ಪೆಟ್ಟಿಗೆಯನ್ನು ಕಿಟಕಿಗೆ ಒತ್ತಿಟ್ಟು, ಹೊರಗಿನ ಗ್ಯಾಲರಿಯಲ್ಲಿ ನಿಂತು ಸರಳಿನ ಸಂದಿಯಿಂದ ಹಾಕುತ್ತಿದ್ದ. ಹುಳ ಮುಟ್ಟಿದ ಮಗನನ್ನು ತಾಯಿ ಮೀಯಿಸದೆ ಒಳಗೆ ಬಿಡುತ್ತಿರಲಿಲ್ಲ.

“ಸಂಜಿಕ ಒಂದ ಚಿಟಿಕಿ, ಅಷ್ಟ” ಎಂದು ಹೆಂಡತಿಗೆ ಕಲಿಸಿದ್ದ. “ಇದಕ್ಕ ಸಾಕು ಅನ್ನೂದು ಗೊತ್ತಿಲ್ಲ. ಗಪ್ಪಿಗೊಳಿಗೂ ಬಿಡಂಗಿಲ್ಲ. ಹಾಕಿದಷ್ಟೂ ತಿಂದು ಹೊಟ್ಟಿ ಉಬ್ಬಿಸ್ಕೊಂಡು ಸಾಯೂ ಜಾತಿ, ನಮ್ಮ ಸೋದರಮಾವನಂಗ.” ನಾಗವ್ವ ಅಂದು ಬಿದ್ದು ಬಿದ್ದು ನಕ್ಕಿದ್ದಳು.

ಹುಳ ಸಿಗುತ್ತಿದ್ದದ್ದು ರೈಲು ಹಳಿಯ ಆಚೆಯ ಗಟಾರದಲ್ಲಿ. ಅಲ್ಲಿಂದ ಬರುವಾಗಲೇ ಈರಣ್ಣನಿಗೆ ಲೋಕಲ್ ರೈಲು ಬಡಿದದ್ದು.

“ಮೀನಿನ ಹೊಟ್ಟಿ ತುಂಬಸಾಕ ಹೋಗಿ ನನ್ನ ಹೊಟ್ಟಿಗೆ ಬೆಂಕಿ ಇಟ್ಟ” ಎಂದು ಲಕ್ಷ್ಮವ್ವ ಹೆಣದ ಮುಂದೆ ಎದೆ ಬಡಿದುಕೊಂಡಿದ್ದಳು. ಆಮೇಲೊಂದು ದಿನ, ಯಾಕೋ, ರೊಟ್ಟಿಯ ಪುಡಿ ಉದುರಿಸಿದಳು. ಪೈಲ್ವಾನ ಮೂಸಲಿಲ್ಲ. ಮುದುಕಿ ಬಹಳ ಹೊತ್ತು ಅದನ್ನೇ ದಿಟ್ಟಿಸುತ್ತ ನಿಂತಿದ್ದಳು. ಆ ನೋಟ ನೆನೆದರೆ ನಾಗವ್ವನಿಗೆ ಈಗಲೂ ಮೈ ಜುಂ ಎನ್ನುತ್ತದೆ.

ಅತ್ತೆಗೆ ಹೇಳದೆ ನಾಗವ್ವ ಒಂದು ದಾರಿ ಹುಡುಕಿದಳು. ಪಕ್ಕದ ಕೋಣೆಯ ಮೋನಪ್ಪ ಗ್ರಾಂಟ್ ರೋಡಿನ ಹೋಟೆಲಿನಲ್ಲಿ ಕೆಲಸಕ್ಕಿದ್ದ. ಬರುವಾಗ ಹುಳದ ಪೊಟ್ಟಣ ತಂದು ತನ್ನ ಬಾಗಿಲ ಹಿಂದೆ ಇಡುತ್ತಿದ್ದ. “ಅಜ್ಜಿಗೆ ಗೊತ್ತಾದ್ರೆ ನಂಗೂ ಉಂಟು ಪೂಜೆ ಮಾರಾಯ್ತಿ” ಎನ್ನುತ್ತಿದ್ದ. ಸಂಜೆ ಅತ್ತೆ ನೀರಿಗೆಂದು ನಳದ ಸಾಲಿನಲ್ಲಿ ನಿಂತಾಗ ನಾಗವ್ವ ಒಂದು ಚಿಟಿಕೆ ಹಾಕಿ ಕೈ ತೊಳೆದುಕೊಳ್ಳುತ್ತಿದ್ದಳು. ಪೈಲ್ವಾನ ರೆಕ್ಕೆ ಅಗಲಿಸಿ ಮೇಲೆ ಬರುತ್ತಿದ್ದ. ಅದೊಂದು ಗಳಿಗೆ ಗಂಡ ಗ್ಯಾಲರಿಯಲ್ಲೇ ನಿಂತಿದ್ದಾನೆ ಎನಿಸುತ್ತಿತ್ತು.

ಅಣ್ಣ ಸಂಗಪ್ಪ ವಿಜಾಪುರದಿಂದ ಕರೆಯಲು ಬಂದಾಗಲೂ ಅವಳು ಹೊರಡಲಿಲ್ಲ. “ಪೈಲ್ವಾನ ಇರೂತನಕ ನಾ ಎಲ್ಲೂ ಬರಂಗಿಲ್ಲಣ್ಣಾ” ಎಂದಿದ್ದಳು. ಅತ್ತೆ ಸ್ಟೋವಿನ ಮುಂದೆ ಕುಳಿತು ಎಲ್ಲ ಕೇಳಿಸಿಕೊಂಡಿದ್ದಳು. ಆ ವಾರದಿಂದಲೇ ಈ ಗುಡಿ, ಈ ಡಬ್ಬಿ, ಈ ಎರಡೆರಡು ಸ್ನಾನ ಶುರುವಾದದ್ದು.

ನಾಗವ್ವ ಕೂಡಿಸಿ ಕಳೆದು ನೋಡಿದಳು. ಮೀನು ಸತ್ತರೆ ಸೊಸೆ ತೊಲಗುತ್ತಾಳೆ. ಮಗನನ್ನು ತಿಂದ ಮೀನೂ ಹೋಯಿತು, ಮೀನಿನ ಹಿಂದೆ ಬಿದ್ದ ಸೊಸೆಯೂ ಹೋದಳು. ಬಾಯಿಬಿಟ್ಟು ಕೇಳೋಣವೆಂದರೆ ತನ್ನ ಗುಟ್ಟೂ ಹೊರಬೀಳುತ್ತದೆ. ಸಂಜೆಯ ತನ್ನ ಚಿಟಿಕೆಯನ್ನು ಮಾತ್ರ ತಪ್ಪಿಸಲಿಲ್ಲ. ಪೈಲ್ವಾನನ ಹೊಟ್ಟೆ ದಿನೇ ದಿನೇ ಊದುತ್ತಿತ್ತು.

ಸೋಮವಾರ ಮುಂಜಾನೆ ಅವನು ಅಂಗಾತ ತೇಲುತ್ತಿದ್ದ. ರೆಕ್ಕೆ ಮುದುಡಿ ಒದ್ದೆ ಚಿಂದಿಯಾಗಿತ್ತು. ಗಪ್ಪಿಗಳು ಎಂದಿನಂತೆ ಓಡಾಡುತ್ತಿದ್ದವು. ಬಸವನಹುಳು ಗಾಜಿಗಂಟಿ ತನ್ನ ಪಾಡಿಗೆ ತಾನು ಏರುತ್ತಿತ್ತು. ಅದೆಂಥ ವಿಷ, ಒಬ್ಬನನ್ನೇ ಆರಿಸಿ ಕೊಲ್ಲುವುದು ಎಂದು ಕೇಳಿಕೊಳ್ಳುವ ಸ್ಥಿತಿಯಲ್ಲಿ ನಾಗವ್ವ ಇರಲಿಲ್ಲ. ಗಂಡ ಸತ್ತ ದಿನ ಬಾರದ ಅಳು ಈಗ ಬಂತು. ಮೀನನ್ನು ಅಂಗೈಯಲ್ಲಿಟ್ಟುಕೊಂಡು ನೆಲಕ್ಕೆ ಕುಸಿದಳು.

ಅಷ್ಟರಲ್ಲಿ ಲಕ್ಷ್ಮವ್ವ ಹೊರಗಿನಿಂದ ಬಂದಳು. ಸೊಸೆಯ ಅಂಗೈ ನೋಡಿ ಬಾಗಿಲಲ್ಲೇ ನಿಂತಳು.

“ದಿನಾ ಡಬ್ಬಿ ತಗದು ಹಾಕಿದ್ದು ನೋಡೀನಿ ಅತ್ತಿ” ಎಂದಳು ನಾಗವ್ವ. “ಇಲ್ಲ ಅನಬ್ಯಾಡ್ರಿ.”

“ಇಲ್ಲ ಅನ್ನಂಗಿಲ್ಲವ್ವ. ಒಂದ ದಿನಾನೂ ತಪ್ಪಿಸಿಲ್ಲ ನಾ.”

“ನಿಮ್ಮ ಮಗ ಬಿಟ್ಟು ಹೋದ ಜೀವ ಅದೊಂದ ಇತ್ತು. ಹೆಂಗ ಮನಸ್ಸು ಬಂತ್ರಿ?”

“ಮೊದಮೊದಲು ಕೈ ನಡಗತಿತ್ತು” ಎಂದಳು ಮುದುಕಿ. “ಆಮ್ಯಾಲ ರೂಢಿ ಆತು.”

ನಾಗವ್ವ ಎದ್ದಳು. ಅತ್ತೆಯ ಸೊಂಟದಿಂದ ಡಬ್ಬಿ ಕಿತ್ತು ಗೋಡೆಗೆ ಎಸೆದಳು. ಮುಚ್ಚಳ ಹಾರಿತು.

ನೆಲದ ಮೇಲೆ ಬಿದ್ದದ್ದು ಸುಣ್ಣವಲ್ಲ. ಹಳಿಯಾಚೆಯ ಗಟಾರದಿಂದ ಆಗಷ್ಟೇ ತಂದು ತೊಳೆದ ಕೆಂಪು ಹುಳಗಳು, ಮಿಸುಕಾಡುತ್ತಿದ್ದವು, ಒಂದೇ ಚಿಟಿಕೆ, ಸಂಜೆ ನಾಗವ್ವ ಹಾಕುತ್ತಿದ್ದಷ್ಟೇ.