ಬೆರಳು ಕೂಡದ ಸಸಿ

"ಬೆರಳಿಗೆ ಬೆರಳು ಮುಟ್ಟಿತೋ, ಆ ಸಸಿ ತಿಪ್ಪೆಗೆ!" ಎಂದು ಬೋರಮ್ಮ ಸೆರಗು ಸಿಕ್ಕಿಸಿ ಹಿತ್ತಲಲ್ಲಿ ಕೂತಳು. ಮೊಮ್ಮಗಳು ಕೃತಿಕಾ ಸಸಿಗಳನ್ನು ಒಂದೊಂದಾಗಿ ಮುಂದೆ ತಂದಿಟ್ಟಳು.

ಬಾವಿಕಟ್ಟೆಯ ತೆಂಗಿನಮರಕ್ಕೆ ಹೋದ ವರ್ಷ ಸಿಡಿಲು ಬಡಿದಿತ್ತು. ಅದರ ಕಡೇ ಗೊನೆಯ ಏಳು ಕಾಯಿಗಳನ್ನು ಹೂತು, ಮೊಳಕೆ ಬರಿಸಿ ಸಾಕಿದವಳು ಕೃತಿಕಾ. ಇವತ್ತು ಅಲ್ಲೇ ಗುಂಡಿ ತಯಾರು. ಏಳರಲ್ಲಿ ಒಂದೂ ಪಾಸಾಗದಿದ್ದರೆ, ಚಿಕ್ಕಪ್ಪ ದಯಾನಂದ್ ತಿಪಟೂರಿನಿಂದ ತಂದಿಟ್ಟ ಹೈಬ್ರಿಡ್ ಸಸಿ ಆ ಗುಂಡಿಗೆ. ಹಳೇ ಮರದ ವಂಶ ಅಲ್ಲಿಗೆ ಮುಗಿಯಿತು.

ಅಜ್ಜಿ ಹೆಬ್ಬೆರಳು, ತೋರುಬೆರಳಿನಿಂದ ಮೊದಲ ಸಸಿಯ ಬುಡ ಬಳಸಿ ಹಿಡಿದಳು. ಬೆರಳುಗಳು ಕೂಡಿದವು. ಎರಡು, ಮೂರು, ನಾಲ್ಕು, ಐದು... ಎಲ್ಲಾ ಕಡ್ಡಿಗಳೇ.

"ಇದನ್ನ ನೋಡಜ್ಜಿ, ನನ್ನ ರಾಜಕುಮಾರ!" ಎದೆಯೆತ್ತರದ ಆರನೆಯದನ್ನು ಕೃತಿಕಾ ಮುಂದೆ ತಂದಳು. ದಿನಾ ಮುಸ್ಸಂಜೆ ಅದರ ಮುಂದೆ ಕೂತು ಅಜ್ಜಿಯ ಕತೆಗಳನ್ನೆಲ್ಲ ಹೇಳಿದ್ದಳು.

ಬೆರಳುಗಳು ಸಲೀಸಾಗಿ ಕೂಡಿದವು. "ಬುಡಾನೇ ಇಲ್ಲ ಕಣೇ. ನಿನ್ನ ಕತೆ ಕೇಳ್ಕಂಡು ಕತ್ತು ಉದ್ದ ಮಾಡ್ಕಂಡೈತೆ ಅಷ್ಟೇ." ಚಿಕ್ಕಪ್ಪ ಕಿಸಕ್ಕನೆ ನಕ್ಕು ಹೈಬ್ರಿಡ್ಡಿನ ಕಡೆ ಹೊರಟ. "ತಡಿಯಪ್ಪ!" ಎಂದು ಅಜ್ಜಿ ಕೃತಿಕಾಳ ಕಡೆ ತಿರುಗಿದಳು. "ಏಳನೇದು ಎಲ್ಲೇ?"

"ಅದು ಗಿಡ್ಡ ಅಜ್ಜಿ. ಗರಿಯೆಲ್ಲ ಮೇಕೆ ಹರಿದಾಕೈತೆ. ಕೊಟ್ಟಿಗೆ ಹಿಂದೆ ಬಿಸಾಕಿದ್ದೆ..."

"ತತ್ತಾ ಮೊದ್ಲು!"

ಓಡಿದಳು, ಓಡಿ ಬಂದಳು. ಅಜ್ಜಿ ಗರಿಯ ಮೇಲೆ ಕೈಯಾಡಿಸಿದಳು. "ಯಾವ ಮೇಕೆ ಕಣೇ ಬಾಚಣಿಗೆ ಹಿಡ್ಕಂಡು ಮೇಯ್ತದೆ? ಇದು ತಾನಾಗೇ ಸೀಳ್ಕಂಡಿರೋದು. ಬೇಗ ಗರಿ ಬಿಚ್ಚೋ ಸಸೀನೇ ಗಟ್ಟಿಗ." ಬುಡ ಬಳಸಿದಳು. ಬೆರಳುಗಳ ನಡುವೆ ಕಡಲೆಕಾಳಿನಷ್ಟು ಸಂದು!

"ಅವ್ವಾ, ಮೋಸ! ಸಡಿಲ ಹಿಡಿದಿದ್ದೀಯ." ಚಿಕ್ಕಪ್ಪ ತಾನೇ ಕೂತು ಹಿಡಿದ. ಹಿಚುಕಿದ. ಅಂಥ ಉದ್ದ ಬೆರಳುಗಳೂ ಕೂಡಲಿಲ್ಲ. ಎದ್ದು, ತನ್ನ ಸಸಿಯನ್ನು ಹೆಗಲಿಗೇರಿಸಿ ಹೊಲದ ಬದುವಿನ ಕಡೆ ನಡೆದ.

ಕೃತಿಕಾ ಕುಣಿಯುತ್ತಲೇ ಗುಂಡಿಗಿಳಿದಳು. ಗಿಡ್ಡನನ್ನು ನೆಟ್ಟಗೆ ನಿಲ್ಲಿಸಿ, ತಪ್ಪೊಪ್ಪಿಕೊಳ್ಳುವವಳಂತೆ ಬಾಗಿ ಪಿಸುಗುಟ್ಟಿದಳು: "ಒಂದಾನೊಂದು ಊರಲ್ಲಿ..."

"ಮೊದ್ಲು ಮಣ್ಣು ಹಾಕು," ಎಂದಳು ಅಜ್ಜಿ, ತನ್ನ ಎರಡು ಬೆರಳುಗಳನ್ನೇ ನೋಡುತ್ತ. "ಇದು ಹೊಂಬಾಳೆ ಬಿಡೋಕೆ ಏಳು ವರ್ಷ ಬೇಕು. ಅಷ್ಟುದ್ದದ ಕತೆ ಇದ್ರೆ ಶುರು ಮಾಡು. ನಾನೂ ಕೂತ್ಕಂಡು ಕೇಳ್ತೀನಿ."