ಪಾಸಾದ ಶಮಂತ

ಕಂಪ್ಯೂಟರ್ ಸೈನ್ಸ್ ಡಿಗ್ರಿ ಮುಗಿಯುವ ಮೊದಲೇ ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಗಿಟ್ಟಿಸಬೇಕೆಂದು ಇಂದುಧರ ನಿದ್ದೆಗೆಟ್ಟು ಓದಿದ್ದ. ಆದರೂ ಆನ್‌ಲೈನ್ ಪರೀಕ್ಷೆಯಲ್ಲಿ ಫೇಲಾದ. ಪುಸ್ತಕ ಮುಟ್ಟದ ಸಹಪಾಠಿ ಶಮಂತ ಪಾಸಾದ. ದುಡ್ಡು ಕೊಟ್ಟು ಯಾರಿಂದಲೋ ಬರೆಸಿದೆನೆಂದು ಅವನೇ ನಗುತ್ತ ಹೇಳಿಕೊಂಡ.

ಇಂದುಧರ ಮನೆಗೆ ಬಂದವನೇ ಅಕ್ಕನ ಮುಂದೆ ಕೂಗಾಡಿದ. ಮನೆಯಲ್ಲೇ ಕಂಪ್ಯೂಟರ್ ಕೆಲಸ ಮಾಡುತ್ತ ಅವನನ್ನು ಓದಿಸುತ್ತಿದ್ದವಳು ಅವಳೇ.

"ಥೂ! ಬರೆಸಿದ ಶಮಂತನಿಗಿಂತ ಬರೆದುಕೊಟ್ಟೋನು ಇನ್ನೂ ಹೊಲಸು, ಅಕ್ಕ. ಅಂಥೋರ ಮುಖಕ್ಕೆ ಉಗೀಬೇಕು."

ಅಕ್ಕ ಅವನ ತಲೆ ಸವರಿದಳು.

"ನೀನು ಫೇಲಾಗ್ತೀಯ ಅಂತ ಗೊತ್ತಿದ್ದಿದ್ರೆ, ಶಮಂತನಿಗೆ ಬರೆದುಕೊಟ್ಟ ಹಾಗೆ ನಿಂಗೂ ಬರೆದುಕೊಡ್ತಿದ್ದೆ ಕಣೋ."